ಹೆಳವರ ಹೊತ್ತಗೆ, ಹೆಣ್ಣುಮಕ್ಕಳ ಪಂಚಮಿ

ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಲ್ಲಿ ವಂಶದ ನೆನಪು ಎರಡು ದಾರಿಯಲ್ಲಿ ಉಳಿದು ಬಂದಿದೆ. ಒಂದು ಊರೂರು ತಿರುಗುವ ಹೆಳವರ ಬಾಯಲ್ಲಿ, ಬರಹದಲ್ಲಿ. ಇನ್ನೊಂದು ವರ್ಷಕ್ಕೊಮ್ಮೆ ತವರಿಗೆ ಬಂದು ಕೂಡುವ ಅಕ್ಕತಂಗಿಯರ ಮಾತಿನಲ್ಲಿ. ಮೊದಲನೆಯದನ್ನು ಜನಾಂಗ ಅಧ್ಯಯನ ಮಾಡಿದವರು ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿ ಬರೆದಿಟ್ಟರು. ಎರಡನೆಯದು ಹಬ್ಬದ ಸಡಗರದೊಳಗೆ ಸೇರಿಹೋಯಿತು. ಮನೆತನದ ಚರಿತ್ರೆಗೆ ಅದೂ ಒಂದು ಆಕರ ಎಂದು ಎಣಿಸಿದವರು ಕಡಿಮೆ.

ಹೆಳವರ ಕಸುಬು ವಂಶಾವಳಿ ಹೇಳುವುದು. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಅವರ ಚಿತ್ರ ಸಿಗುತ್ತದೆ. ಬಳ್ಳಾರಿ ಮತ್ತು ಮೈಸೂರು ಸೀಮೆಗಳಲ್ಲಿ ಅವರು ಹಳ್ಳಿಗಳ ಚರಿತ್ರೆಯನ್ನು ಕಾಪಾಡುವವರು; ಎತ್ತಿನ ಮೇಲೆ ಕೂತು, ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಊರಿಗೆ ಬರುತ್ತಾರೆ; ಮನೆಮನೆಗೆ ಹೋಗಿ ಆಯಾ ಕುಟುಂಬದ ಹಿರಿಯರ ಹೆಸರನ್ನೂ ಯುದ್ಧದಲ್ಲಿ ಮಡಿದವರ ಕಥೆಯನ್ನೂ ಹೇಳುತ್ತಾರೆ ಎಂದು ಅದರಲ್ಲಿದೆ. ಹೆಳವ ಎಂದರೆ ಕಾಲಿಲ್ಲದವನು. ಕಾಲಿಲ್ಲದ ಮೂಲಪುರುಷನೊಬ್ಬನಿಗೆ ಏರಿ ತಿರುಗಲು ಎತ್ತು ದೊರೆತು, ಅದರಿಂದಲೇ ಈ ಕಸುಬು ಹುಟ್ಟಿತು ಎನ್ನುವುದು ಅವರಲ್ಲಿ ನಡೆದುಬಂದ ಕಥೆ. ಗಟ್ಟಿಮುಟ್ಟಾದ ಕಾಲಿದ್ದವರೂ ಕಂಬಳಿ ಹೊದ್ದು ಎತ್ತಿನ ಮೇಲೆ ಬರುತ್ತಿದ್ದದ್ದು ಆ ಮೂಲಪುರುಷನ ಗುರುತಿಗಾಗಿ. ಅವರಲ್ಲೇ ಎತ್ತಿನ ಹೆಳವರು, ಗಂಟೆ ಹೆಳವರು ಎಂಬ ಪಂಗಡಗಳಿವೆ.

ಹೆಳವರ ಒಂದೊಂದು ಕುಟುಂಬಕ್ಕೂ ಇಂತಿಷ್ಟು ಊರು, ಇಂತಿಷ್ಟು ಮನೆತನ ಎಂಬ ಹಂಚಿಕೆ ಪರಂಪರೆಯಿಂದ ಇದೆ. ಒಬ್ಬರ ಮನೆತನಕ್ಕೆ ಇನ್ನೊಬ್ಬರು ಹೋಗುವುದಿಲ್ಲ. ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಅವರು ಬರುವ ಕಾಲ. ಬಂದವರು ಕಟ್ಟೆಯ ಮೇಲೆ ಕೂತು ಮನೆತನದ ಮೂಲಪುರುಷನಿಂದ ಎತ್ತಿಕೊಳ್ಳುತ್ತಾರೆ: ಯಾವ ಊರಿಂದ ಹೊರಟವರು, ಬರಕ್ಕೋ ಜಗಳಕ್ಕೋ ಎಲ್ಲಿಂದ ಎಲ್ಲಿಗೆ ಹೋದವರು, ಮನೆದೇವರು ಯಾವುದು, ಬೆಡಗು ಯಾವುದು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾರ ಕವಲು ಎಲ್ಲಿ ಬೇರೆಯಾಯಿತು. ಹಿಂದಿನ ಭೇಟಿಯಿಂದ ಈಚೆಗೆ ಹುಟ್ಟಿದವರ ಹೆಸರನ್ನು ಕೇಳಿ ಬರೆದುಕೊಳ್ಳುತ್ತಾರೆ. ಪ್ರತಿಫಲವಾಗಿ ಜೋಳ, ಬಟ್ಟೆ, ರೊಕ್ಕ, ಉಳ್ಳವರ ಮನೆಯಲ್ಲಾದರೆ ಆಕಳ ಕರುವೋ ಎತ್ತೋ ಸಿಗುತ್ತಿತ್ತು. ಗುಜರಾತಿನ ವಹಿವಂಚಾ ಬಾರೋಟರು, ಹರಿದ್ವಾರದ ಪಂಡಾಗಳು ಇಟ್ಟುಕೊಂಡ ಬಹಿಗಳು ಇದೇ ಬಗೆಯವು. ಆದರೆ ಹರಿದ್ವಾರದಲ್ಲಿ ಯಾತ್ರಿಕನೇ ಬಹಿಯ ಬಳಿಗೆ ಹೋಗಬೇಕು. ಇಲ್ಲಿ ಹೊತ್ತಗೆಯೇ ಮನೆಬಾಗಿಲಿಗೆ ಬರುತ್ತದೆ.

ಇದರ ಉಪಯೋಗ ಹೆಮ್ಮೆಗಷ್ಟೇ ಸೀಮಿತವಾಗಿರಲಿಲ್ಲ. ಹಲವು ಸಮುದಾಯಗಳಲ್ಲಿ ಒಂದೇ ಬೆಡಗಿನವರು ಅಣ್ಣತಮ್ಮಂದಿರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಊರು ಬಿಟ್ಟು ಮೂರು ತಲೆಮಾರು ಕಳೆದವರಿಗೆ ತಮ್ಮ ಬೆಡಗು ಮರೆತಿದ್ದರೆ ಹೆಳವನ ಮಾತೇ ಆಧಾರ. ಆಸ್ತಿಯ ತಂಟೆಗೂ ಅದು ಬೇಕಾಗುತ್ತಿತ್ತು. 1872ರ ಸಾಕ್ಷ್ಯ ಅಧಿನಿಯಮದ 32ನೆಯ ಕಲಮು ತೀರಿಹೋದವರು ರಕ್ತಸಂಬಂಧದ ಬಗ್ಗೆ ಹೇಳಿದ ಮಾತನ್ನೂ ಕುಟುಂಬದ ವಂಶಾವಳಿಯಲ್ಲಿ ಬರೆದಿಟ್ಟದ್ದನ್ನೂ ಕೆಲವು ಷರತ್ತುಗಳೊಡನೆ ಸಾಕ್ಷ್ಯವಾಗಿ ಒಪ್ಪಿತ್ತು.

ಹೆಳವನ ಸಾಲು ಮಾತ್ರ ಗಂಡಿನಿಂದ ಗಂಡಿಗೆ ಹರಿಯುವಂಥದ್ದು. ಹುಟ್ಟಿದ ಹೆಣ್ಣುಮಗಳ ಹೆಸರು ಅದರಲ್ಲಿ ಬಂದರೂ ಆಕೆಯ ಮದುವೆಯ ಹತ್ತಿರ ಆ ಕವಲು ನಿಂತುಬಿಡುತ್ತದೆ. ಆಕೆಯ ಮಕ್ಕಳು ಬೇರೆ ಬೆಡಗಿಗೆ, ಬೇರೆ ಊರಿಗೆ, ಬಹಳ ಸಲ ಬೇರೆ ಹೆಳವನ ಹೊತ್ತಗೆಗೆ ಸೇರಿದವರು. ಈ ಕೊರತೆ ಹೆಳವರದೊಂದೇ ಅಲ್ಲ. ಚಾಲುಕ್ಯರಿಂದ ಹಿಡಿದು ವಿಜಯನಗರದವರೆಗೆ ಶಾಸನಗಳ ಪ್ರಶಸ್ತಿ ಭಾಗ ತೆರೆದರೆ ತಂದೆ, ಮಗ, ಮೊಮ್ಮಗ ಎಂಬ ಸರಪಳಿಯೇ ಕಣ್ಣಿಗೆ ಬೀಳುತ್ತದೆ. ರಾಣಿಯರೂ ದಾನ ಕೊಟ್ಟ ಹೆಂಗಸರೂ ಅಲ್ಲಲ್ಲಿ ಬರುತ್ತಾರೆ, ಅಕ್ಕತಂಗಿಯರು ಜೊತೆಯಾಗಿ ಕಾಣಿಸುವುದು ಅಪರೂಪ.

ಆ ಅಪರೂಪಕ್ಕೆ ಒಳ್ಳೆಯ ನಿದರ್ಶನ ಹತ್ತನೆಯ ಶತಮಾನದ ಒಂದು ಮನೆತನ. ವೆಂಗಿ ನಾಡಿನ ಮೂಲದ ಮಲ್ಲಪಯ್ಯ ಮತ್ತು ಪುನ್ನಮಯ್ಯ ಎಂಬ ಸೋದರರು ಪೊನ್ನನಿಂದ ಶಾಂತಿಪುರಾಣ ಬರೆಯಿಸಿದವರು. ಮಲ್ಲಪಯ್ಯನ ಹೆಣ್ಣುಮಕ್ಕಳು ಅತ್ತಿಮಬ್ಬೆ ಮತ್ತು ಗುಂಡಮಬ್ಬೆ. ಇಬ್ಬರನ್ನೂ ಚಾಲುಕ್ಯ ತೈಲಪನ ಮಂತ್ರಿ ದಲ್ಲಪನ ಮಗ ನಾಗದೇವನಿಗೆ ಕೊಟ್ಟು ಮದುವೆ ಮಾಡಿದ್ದರು. ನಾಗದೇವ ತೀರಿಹೋದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಬೆಳೆಸಿದಳು, ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. 993ರಲ್ಲಿ ಅವಳ ಆಶ್ರಯದಲ್ಲಿ ಅಜಿತಪುರಾಣ ಬರೆದ ರನ್ನ ಈ ಮನೆತನದ ಕಥೆಯನ್ನೆಲ್ಲ ಅದರಲ್ಲಿ ಹೇಳಿದ್ದಾನೆ. 1007ರ ಲಕ್ಕುಂಡಿ ಶಾಸನ ಅವಳ ಕೀರ್ತಿಯನ್ನು ಕಲ್ಲಿನಲ್ಲಿ ನಿಲ್ಲಿಸಿತು. ಕವಿಗೆ ಆಶ್ರಯ ಕೊಡುವಷ್ಟು ಸಂಪತ್ತು ಒಬ್ಬ ಹೆಣ್ಣಿನ ಕೈಯಲ್ಲಿ ಇದ್ದುದರಿಂದಲೇ ಅಕ್ಕತಂಗಿಯರಿಬ್ಬರ ಬದುಕು ಬರಹಕ್ಕೆ ಬಂತು ಎನ್ನಬೇಕು. ಜೋಳ ಬೀಸಿ ರೊಟ್ಟಿ ಬಡಿಯುವ ಮನೆಗಳಿಗೆ ರನ್ನ ಎಲ್ಲಿಂದ ಬರಬೇಕು?

ಆ ಮನೆಗಳಲ್ಲಿ ಹೆಣ್ಣಿನ ಕಡೆಯ ನೆಂಟಸ್ತಿಕೆಯನ್ನು ನೆನಪಿಡುವುದು ಬೇಕಾದ ಕೆಲಸವೇ ಆಗಿತ್ತು. ಕಾರಣ ಇಲ್ಲಿಯ ಮದುವೆಯ ಪದ್ಧತಿ. ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ವ್ಯವಸ್ಥೆಯ ಅಧ್ಯಯನದಲ್ಲಿ ಉತ್ತರ ಮತ್ತು ದಕ್ಷಿಣದ ನಡುವಣ ಭೇದವನ್ನು ವಿವರಿಸಿದರು. ಉತ್ತರದಲ್ಲಿ ಹೆಣ್ಣನ್ನು ಗುರುತಿಲ್ಲದ ಮನೆಗೆ, ದೂರದ ಊರಿಗೆ ಕೊಡುತ್ತಾರೆ. ದಕ್ಷಿಣದಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವುದು ರೂಢಿ. ಅತ್ತೆಯ ಮನೆಯೂ ಬಳಗದೊಳಗಿನದೇ. ಅಕ್ಕನ ಮಗಳು ತಮ್ಮನ ಹೆಂಡತಿಯಾಗಿ ಅಜ್ಜಿಯ ಮನೆಗೇ ಸೊಸೆಯಾಗಿ ಬರುವುದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೊಸದೇನಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಅಣ್ಣನ ಮಕ್ಕಳಿಗೂ ತಂಗಿಯ ಮಕ್ಕಳಿಗೂ ಕೊಟ್ಟು ತರುವ ಸಂಬಂಧ ನಡೆಯುತ್ತದೆ. ಅಕ್ಕತಂಗಿಯರ ಮಕ್ಕಳು ಮಾತ್ರ ಒಬ್ಬರಿಗೊಬ್ಬರು ಅಣ್ಣತಂಗಿಯರು; ತಾಯಿಯ ತಂಗಿ ಚಿಗವ್ವ, ಅಕ್ಕ ದೊಡ್ಡವ್ವ, ಅವರ ಮಕ್ಕಳು ಒಡಹುಟ್ಟಿದವರ ಸಮ. ಆದರೆ ಅಕ್ಕತಂಗಿಯರು ಬೇರೆ ಬೇರೆ ಬೆಡಗಿನ ಮನೆ ಸೇರಿದ್ದರೆ ಮಕ್ಕಳ ಬೆಡಗೂ ಬೇರೆ. ಹೆಳವನ ಹೊತ್ತಗೆ ನೋಡಿದರೆ ಅವರಿಗೆ ಮದುವೆಯಾಗಲು ಏನೂ ಅಡ್ಡಿ ಕಾಣುವುದಿಲ್ಲ. ಆಗಬಾರದು ಎಂದು ಹೇಳಬಲ್ಲವರು ಅವರ ತಾಯಂದಿರು, ಅಜ್ಜಿಯರು ಮಾತ್ರ. ಎರಡು ಮೂರು ತಲೆಮಾರು ದಾಟಿದಾಗ, ಅಜ್ಜಿಯರು ಅಕ್ಕತಂಗಿಯರಾಗಿದ್ದರು ಎಂಬುದನ್ನು ಯಾರಾದರೂ ನೆನಪಿಟ್ಟಿರಲೇಬೇಕು. ಗಂಡಸರ ಲೆಕ್ಕದಲ್ಲಿ ಇಲ್ಲದ ಈ ಅರ್ಧ ವಂಶವೃಕ್ಷ ಹೆಣ್ಣುಮಕ್ಕಳು ತವರಿನಲ್ಲಿ ಕೂಡಿದಾಗಲೆಲ್ಲ ಹೊಸದಾಗಿ ತಿದ್ದಿಸಿಕೊಳ್ಳುತ್ತಿತ್ತು.

ಕೂಡುವ ಹೊತ್ತುಗಳಲ್ಲಿ ದೊಡ್ಡದು ಶ್ರಾವಣದ ನಾಗರಪಂಚಮಿ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳ, ಕಲಬುರಗಿ ಸೀಮೆಯಲ್ಲೆಲ್ಲ ಅದು ಹೆಣ್ಣುಮಕ್ಕಳ ಹಬ್ಬ. ನಾಗನಿಗೆ ಹಾಲೆರೆಯುವ ರೂಢಿ ಹಳೆಯದು. ಕಲ್ಲಿನ ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುವವರನ್ನು ಹನ್ನೆರಡನೆಯ ಶತಮಾನದ ಬಸವಣ್ಣನವರ ವಚನವೊಂದು ಟೀಕಿಸುತ್ತದೆ. ಕೊಟ್ಟ ಹೆಣ್ಣುಮಕ್ಕಳನ್ನು ಕರೆತರುವುದಕ್ಕೆ ಈ ಕಾಲ ಒದಗಿಬಂದದ್ದಕ್ಕೆ ಕೃಷಿಯ ಕಾರಣವೂ ಉಂಟು. ಮುಂಗಾರಿನ ಬಿತ್ತನೆ ಮುಗಿದಿರುತ್ತದೆ, ಹಿಂಗಾರಿ ಜೋಳದ ಬಿತ್ತನೆಗೆ ಇನ್ನೂ ಸಮಯವಿರುತ್ತದೆ. ಎತ್ತುಗಳಿಗೂ ತುಸು ಬಿಡುವು. ಹಬ್ಬಕ್ಕೆ ಮೊದಲು ಅಣ್ಣನೋ ತಮ್ಮನೋ ಬಂಡಿ ಹೂಡಿಕೊಂಡು ತಂಗಿಯ ಊರಿಗೆ ಕರೆಯಲು ಹೋಗಬೇಕು. ತಾನಾಗಿ ಬರುವುದು ಮರ್ಯಾದೆಯಲ್ಲ; ಕರೆಯಲು ಯಾರೂ ಬಾರದಿದ್ದರೆ ಅದು ಅತ್ತೆಯ ಮನೆಯಲ್ಲಿ ವರ್ಷಗಟ್ಟಲೆ ಮಾತಾಗಿ ಉಳಿಯುತ್ತಿತ್ತು.

ಹಬ್ಬದ ದಿನ ಒಲೆಯ ಮೇಲೆ ಹೆಂಚು ಇಡಬಾರದು, ಹುರಿಯಬಾರದು, ಹೆಚ್ಚಬಾರದು ಎಂಬ ನೇಮ ಬಹಳ ಮನೆಗಳಲ್ಲಿದೆ. ಅದರಿಂದಾಗಿ ಕೆಲಸವೆಲ್ಲ ಮೊದಲೇ ಆಗಬೇಕು. ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಜೋಳದ ಖಡಕ್ ರೊಟ್ಟಿಗಳನ್ನು ಬಡಿದು, ಬಗೆಬಗೆಯ ಪಲ್ಯ, ಚಟ್ನಿಪುಡಿ ಜೊತೆಗಿಟ್ಟು ಓಣಿಯ ಮನೆಗಳಿಗೆಲ್ಲ ಬೀರುತ್ತಾರೆ. ಉಂಡಿ ಕಟ್ಟುವುದಂತೂ ಒಬ್ಬಿಬ್ಬರ ಕೆಲಸವಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೂಂದಿ ಉಂಡಿ, ಗುಳ್ಳಡಕಿ ಉಂಡಿ, ತಂಬಿಟ್ಟು; ಇವಕ್ಕೆಲ್ಲ ಬೆಲ್ಲದ ಪಾಕದ ಹದ ನೋಡಬೇಕು, ಬಿಸಿಯಿರುವಾಗಲೇ ಕಟ್ಟಬೇಕು, ಆರಿದರೆ ಕೈಗೆ ಬಾರದು. ಮೂರ್ನಾಲ್ಕು ಮಂದಿ ಅಕ್ಕತಂಗಿಯರು ಪಾತ್ರೆಯ ಸುತ್ತ ಕೂತು ಕೈ ಆಡಿಸುತ್ತ ಇರುವಾಗ ಬಳಗದ ಸುದ್ದಿ ಒಂದೊಂದಾಗಿ ಹೊರಬರುತ್ತದೆ: ಯಾರ ಮಗಳಿಗೆ ಎಲ್ಲಿ ಗೊತ್ತಾಯಿತು, ಯಾರಿಗೆ ಬಾಣಂತನ, ಯಾವ ಅಣ್ಣತಮ್ಮಂದಿರು ಬೇರೆಯಾದರು, ಹೋದ ಪಂಚಮಿಗೆ ಇದ್ದ ಯಾವ ಮುದುಕಿ ಈಗಿಲ್ಲ. ಮದುವೆಯ ಮಾತಿನ ಮೊದಲ ಎಳೆ ಬಹಳ ಸಲ ಹೊರಡುವುದು ಇಲ್ಲಿಂದಲೇ.

ವಂಶದ ನೆನಪಿಗೆ ನೇರವಾಗಿ ಸೇರಿದ್ದು ಹಾಲೆರೆಯುವ ಕ್ರಮ. ಮಣ್ಣಿನ ನಾಗಪ್ಪನಿಗೋ ಹುತ್ತಕ್ಕೋ ನಾಗರಕಟ್ಟೆಯ ಕಲ್ಲಿಗೋ ಹಾಲು, ಬೆಲ್ಲದ ನೀರು ಎರೆಯುವಾಗ ಹೆಂಗಸರು ಒಂದೊಂದು ಹನಿಗೂ ಒಬ್ಬೊಬ್ಬರ ಪಾಲು ಹೇಳುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು, ಅಕ್ಕನ ಪಾಲು, ತಂಗಿಯ ಪಾಲು, ಗಂಡನ ಪಾಲು, ಮಕ್ಕಳ ಪಾಲು ಎಂದು ಸಾಗಿ, ಕಾಕಾ, ಸೋದರಮಾವ, ಚಿಗವ್ವ, ಅವರವರ ಮಕ್ಕಳವರೆಗೂ ಪಟ್ಟಿ ಬೆಳೆಯುತ್ತದೆ. ಪಕ್ಕದಲ್ಲಿ ನಿಂತ ಎಳೆಯ ಹುಡುಗಿಯೂ ಅದನ್ನೇ ಹೇಳಬೇಕು. ಬಿಟ್ಟರೆ ದೊಡ್ಡವರು ನೆನಪಿಸುತ್ತಾರೆ. ಹೆಳವನ ಪಟ್ಟಿ ಮೂಲಪುರುಷನಿಂದ ಕೆಳಗಿಳಿದರೆ ಇದು ಹೇಳುವ ಹೆಣ್ಣಿನಿಂದ ಹೊರಟು ಎರಡೂ ಮನೆಗಳಿಗೆ ಹರಡುತ್ತದೆ. ಆಳ ಕಡಿಮೆ, ಅಗಲ ಹೆಚ್ಚು. ತವರು, ಅತ್ತೆಮನೆ ಎರಡನ್ನೂ ಒಂದೇ ಉಸಿರಿನಲ್ಲಿ ಎಣಿಸುವ ಇಂಥ ಪಾಠ ಈ ಸೀಮೆಯಲ್ಲಿ ಮತ್ತೊಂದು ಸಿಗುವುದು ಕಷ್ಟ. ಹಳೆ ಮೈಸೂರಿನ ಕಡೆ ಇದೇ ಹಬ್ಬದಲ್ಲಿ ಹೆಣ್ಣುಮಕ್ಕಳು ಒಡಹುಟ್ಟಿದವರ ಬೆನ್ನಿಗೆ ಹಾಲೆರೆದು ತನಿ ಹಾಕುತ್ತಾರೆ. ನಾಗನ ನೆಪದಲ್ಲಿ ನಡೆಯುವುದು ಅಣ್ಣತಂಗಿಯರ ಹಬ್ಬವೇ.

ಹಾಲೆರೆದ ಮೇಲೆ ಜೋಕಾಲಿ. ಬೇವು, ಹುಣಸೆ, ಆಲದ ಗಟ್ಟಿ ಟೊಂಗೆಗೆ ಹಗ್ಗ ಬಿಗಿದು ಇಬ್ಬಿಬ್ಬರು ಎದುರುಬದುರು ನಿಂತು ಜೀಕುತ್ತಾರೆ. ಅತ್ತೆಯ ಮನೆಯಲ್ಲಿ ತಲೆಯ ಮೇಲಿನ ಸೆರಗು ಜಾರಿಸದೆ ಓಡಾಡುವ ಸೊಸೆ ಇಲ್ಲಿ ಗಿಡದೆತ್ತರ ಜೀಕಬಹುದು, ಯಾರೂ ಏನೂ ಅನ್ನುವುದಿಲ್ಲ. ಗಂಡಸರದು ನಿಂಬೆಹಣ್ಣು ಎಸೆಯುವ ಪಂದ್ಯ, ಕಣ್ಣು ಕಟ್ಟಿ ನಡೆಯುವ ಪಂದ್ಯ. ಹುಡುಗರದು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುವ ಆಟ.

ಈ ಕೂಟಗಳಲ್ಲೂ ಬೀಸುವ ಕಲ್ಲಿನ ಮುಂದೂ ಹುಟ್ಟಿದ ತ್ರಿಪದಿಗಳು ತವರಿನ ನೆನಪಿನ ಇನ್ನೊಂದು ಉಗ್ರಾಣ. ಅವನ್ನು ಬರಹಕ್ಕೆ ತಂದ ದೊಡ್ಡ ಪ್ರಯತ್ನ ನಡೆದದ್ದು ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ಗೆಳೆಯರ ಬಳಗ ಸುತ್ತಲ ಹೆಂಗಸರ ಬಾಯಿಂದ ಹಾಡು ಕೇಳಿ ಬರೆದುಕೊಂಡಿತು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ತಾಯಿ, ಅಣ್ಣ, ತವರಿನ ದಾರಿ, ತಾಯಿ ಸತ್ತ ಮೇಲೆ ಬದಲಾಗುವ ತವರು, ಅಣ್ಣನ ಹೆಂಡತಿಯ ಮುಖದ ಬಿಗಿ, ಇವೇ ಅದರ ಮುಖ್ಯ ವಸ್ತುಗಳು. ಯಾರ ಹೆಸರೂ ಇಲ್ಲದ ಈ ಪದಗಳಲ್ಲಿ ಒಂದು ಮನೆತನದ ಚರಿತ್ರೆ ಸಿಗುವುದಿಲ್ಲ ನಿಜ, ಆದರೆ ಕೊಟ್ಟ ಹೆಣ್ಣಿನ ಕಣ್ಣಿಗೆ ಮನೆತನ ಹೇಗೆ ಕಾಣುತ್ತಿತ್ತು ಎಂಬುದು ಬೇರೆಲ್ಲೂ ಇಷ್ಟು ಚೆನ್ನಾಗಿ ಸಿಗುವುದಿಲ್ಲ. ಸಂಗ್ರಹ ಸಕಾಲಕ್ಕೆ ಆಯಿತು. ಮುಂದೆ ಹಿಟ್ಟಿನ ಗಿರಣಿ ಹಳ್ಳಿಗಳಿಗೆ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಹೆಂಗಸರ ರಟ್ಟೆ ಉಳಿಯಿತು, ನಸುಕಿನ ಹಾಡು ಹೋಯಿತು.

ತವರಿನ ಕೂಟಕ್ಕೆ ಪಂಚಮಿಯೊಂದೇ ನೆಪವಲ್ಲ. ಚೊಚ್ಚಲ ಬಸುರಿಗೆ ಕುಬಸ, ಬಾಣಂತನ, ಹೊಸ ಮದುಮಗಳನ್ನು ಆಷಾಢದಲ್ಲಿ ಕರೆತರುವುದು, ಊರ ಜಾತ್ರೆ, ಇವೆಲ್ಲ ಇದ್ದವು. ಹೊರಟು ನಿಂತಾಗ ಉಡಿ ತುಂಬುವುದು ತಪ್ಪದು. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿಯೂ ಎಷ್ಟೋ ಸಲ ಜೊತೆಗೆ ಹೋಗುತ್ತಿತ್ತು. ಅದರಲ್ಲಿ ಅಜ್ಜಿಯ ಇಳಕಲ್ ಸೀರೆಯ ಚೂರು ಯಾವುದು, ಚಿಗವ್ವನದು ಯಾವುದು ಎಂದು ಬೆರಳಿಟ್ಟು ತೋರಿಸಬಲ್ಲವರು ಈಗಲೂ ಇದ್ದಾರೆ. ಹಳೆ ಮೈಸೂರಿನಲ್ಲಿ ಇದೇ ಜಾಗ ಭಾದ್ರಪದದ ಗೌರಿ ಹಬ್ಬದ್ದು. ಅಲ್ಲಿ ಮೊರದ ಬಾಗಿನ ತವರಿನಿಂದ ಬರುತ್ತದೆ. ಅಕ್ಕಿ, ಬೇಳೆ, ಬೆಲ್ಲ, ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ರವಿಕೆ ಕಣ ತುಂಬಿದ ಮೊರವನ್ನು ಇನ್ನೊಂದು ಮೊರದಿಂದ ಮುಚ್ಚಿ ಕೊಡುತ್ತಾರೆ. ಗೌರಿಯೇ ತವರಿಗೆ ಬಂದ ಮಗಳು, ಮರುದಿನ ಗಣಪ ಬರುವುದು ಅವಳನ್ನು ಕರೆದೊಯ್ಯಲು ಎನ್ನುವ ನಂಬಿಕೆ ಹಬ್ಬಕ್ಕೆ ಸರಿಯಾಗಿ ಹೊಂದುತ್ತದೆ. ತುಳುನಾಡಿನ ಅಳಿಯಸಂತಾನದ ಕುಟುಂಬಗಳ ಲೆಕ್ಕವೇ ಬೇರೆ. ಅಲ್ಲಿ ವಂಶ ಸಾಗುವುದು ತಾಯಿಯಿಂದ. ಅಕ್ಕತಂಗಿಯರ ಮಕ್ಕಳು ಒಂದೇ ಬಳಿ, ಒಂದೇ ಕುಟುಂಬ. ಬಯಲುಸೀಮೆಯ ಹೆಂಗಸರು ನೆನಪಿನಲ್ಲಿ ಹೊತ್ತದ್ದನ್ನು ಅಲ್ಲಿ ಕಟ್ಟಳೆಯೇ ಹೊತ್ತಿತ್ತು.

ಇಪ್ಪತ್ತನೆಯ ಶತಮಾನದ ಕೊನೆಗೆ ಹೆಣ್ಣುಮಕ್ಕಳ ಹೆಸರು ಕಾಗದದ ವಂಶವೃಕ್ಷಕ್ಕೂ ಬಂತು, ತಂದದ್ದು ಕಾನೂನು. 1994ರಲ್ಲಿ ಕರ್ನಾಟಕ ಸರ್ಕಾರ ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಸಮನಾದ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ತಂದೆ ತೀರಿದ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುವವರು ಈಗ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೂ ಬರೆಯಬೇಕು. ಹೆಳವನ ಹೊತ್ತಗೆ ನಿಲ್ಲಿಸಿದ ಕವಲು ಕಂದಾಯ ಇಲಾಖೆಯ ಕಾಗದದಲ್ಲಿ ಮುಂದುವರಿಯಿತು. ಜೊತೆಗೆ ಹಕ್ಕು ಬಿಡುಗಡೆ ಪತ್ರವೂ ಬಂತು. ಹೊಲದ ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು ಎಂಬ ಅಂಜಿಕೆಯಿಂದ ಅದಕ್ಕೆ ಸಹಿ ಹಾಕಿದ ಅಕ್ಕತಂಗಿಯರು ಪ್ರತಿ ಊರಲ್ಲೂ ಸಿಗುತ್ತಾರೆ. ಪಾಲು ಕೇಳಿ, ಪಂಚಮಿಗೆ ಕರೆ ಇಲ್ಲದಂತಾದವರೂ ಇದ್ದಾರೆ.

ಕೂಟದ ರೀತಿಯೂ ಬದಲಾಗಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಲವು ಊರುಗಳು ಮುಳುಗಿದಾಗ ಅಲ್ಲಿಯ ಹೆಣ್ಣುಮಕ್ಕಳಿಗೆ ತವರೆಂದರೆ ಪುನರ್ವಸತಿ ಕೇಂದ್ರದ ಹೊಸ ಮನೆಯಾಯಿತು. ಜೋಕಾಲಿ ಕಟ್ಟಲು ಹಳೆಯ ಗಿಡಗಳಿರಲಿಲ್ಲ. ದುಡಿಮೆಗೆ ಗೋವಾ, ಪುಣೆ, ಬೆಂಗಳೂರು ಸೇರಿದವರು ಹಬ್ಬಕ್ಕೆ ವಾರವಿಡೀ ನಿಲ್ಲಲಾರರು. ಅಣ್ಣ ಕರೆಯಲು ಹೋಗುವ ಬದಲು ಫೋನು ಮಾಡುತ್ತಾನೆ. ಇನ್ನೊಂದೆಡೆ, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ. ತವರಿಗೆ ಹೋಗಲು ಗಂಡನ ಕೈಯಿಂದ ರೊಕ್ಕ ಕೇಳುವುದು ತಪ್ಪಿತು. ಕೆಲವು ಮಠಗಳೂ ಸಂಘಟನೆಗಳೂ ಕಲ್ಲಿಗೆ ಎರೆಯುವ ಹಾಲನ್ನು ಮಕ್ಕಳಿಗೆ ಕುಡಿಸುವ ಬಸವ ಪಂಚಮಿ ನಡೆಸುತ್ತಿವೆ.

ಹೆಳವರು ಎತ್ತು ಬಿಟ್ಟು ಬೈಕು, ಬಸ್ಸಿನಲ್ಲಿ ಬರುತ್ತಾರೆ. ಅವರ ಮಕ್ಕಳಲ್ಲಿ ಹಲವರು ಬೇರೆ ಕೆಲಸ ಹಿಡಿದಿದ್ದಾರೆ. ಅಮೆರಿಕದ ಯೂಟಾ ಮೂಲದ ಫ್ಯಾಮಿಲಿಸರ್ಚ್ ಸಂಸ್ಥೆ ಅವರ ಹೊತ್ತಗೆಗಳ ಡಿಜಿಟಲ್ ಪ್ರತಿ ತೆಗೆಸುವ ಕೆಲಸ ಕೈಗೊಂಡಿದೆ. ಗೆದ್ದಲಿಗೂ ಮಳೆಗೂ ಸಿಕ್ಕ ಹಾಳೆಗಳು ಹಾಗೆ ಉಳಿಯಬಹುದು. ಪಂಚಮಿಯ ಪಾಲಿನ ಪಟ್ಟಿಗೆ ಅಂಥ ಪ್ರತಿಯಿಲ್ಲ. ಈಗ ಹುಬ್ಬಳ್ಳಿ, ಬೆಳಗಾವಿಯ ಅಂಗಡಿಗಳಲ್ಲಿ ಶೇಂಗಾ ಉಂಡಿ, ಖಡಕ್ ರೊಟ್ಟಿ ವರ್ಷವಿಡೀ ಸಿಗುತ್ತವೆ, ಹಬ್ಬಕ್ಕೆ ಮನೆಯಲ್ಲಿ ಉಂಡಿ ಕಟ್ಟುವವರು ಕಡಿಮೆಯಾಗುತ್ತಿದ್ದಾರೆ. ಹಾಲೆರೆಯುವಾಗ ಹೇಳುವ ಹೆಸರುಗಳೂ ಅಪ್ಪ, ಅವ್ವ, ಅಣ್ಣ, ಅಕ್ಕ, ಮಕ್ಕಳಿಗೆ ಮುಗಿಯುತ್ತಿವೆ.